ಒತ್ತಾಯಕ್ಕೆ ಒಂದನ್ನು ಒತ್ತಿ

ಇದು ನಿಜವಾಗಿ ನಡೆದ ಕತೆ. ಪೂರ್ತಿ ನಡೆದದ್ದೇ ಅಲ್ಲ, ಒಂದು ಕಡೆ ಓಡಿದೆ, ಒಂದು ಕಡೆ ಎಡವಿದೆ. ಎಡವಿದ ಜಾಗದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರೇ ನಿಂತಿದ್ದರು ಎಂಬುದಷ್ಟೇ ಇದರ ಸ್ವಾರಸ್ಯ.

ಹದಿನಾಲ್ಕನೇ ತಾರೀಕು ಸೋಮವಾರ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಒಂದು ದೂರು ಬಂತು. ದೂರು ದೂರದಿಂದೇನೂ ಬರಲಿಲ್ಲ. ನಾಲ್ಕು ಬೀದಿ ಆಚೆಯ ಪರದೆ ಅಂಗಡಿಯಿಂದ ಬಂತು. ಅಂಗಡಿಯ ಯಜಮಾನರು ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡ ಹಾಗೇ ಓಡಿಬಂದಿದ್ದರು. ಪರದೆಯವರ ಪರದಾಟ ನೋಡಿ ರೈಟರ್ ಕುರ್ಚಿ ಕೊಟ್ಟ. ಠಾಣೆಯಲ್ಲಿ ಬರೆಯುವ ಕೆಲಸವೆಲ್ಲ ಈ ರೈಟರನದು. ಅಳುವವರಿಗೆ ಕುರ್ಚಿ ಕೊಡುವುದೂ ಅವನದೇ.

"ಸಾರ್, ಸರ್ಕಾರದ ಹೆಸರು ಹೇಳಿ ಯಾವನೋ ನನ್ನ ಮಗಳ ಮದುವೆ ನಿಲ್ಲಿಸಿದಾನೆ!"

ಇನ್‌ಸ್ಪೆಕ್ಟರ್ ಖ್ಹಂ ಎಂದು ಗಂಟಲು ಸರಿಮಾಡಿಕೊಂಡರು. "ನೋಡಿ, ಮದುವೆ ನಿಲ್ಲಿಸೋದು ಬೇರೆ, ಸರ್ಕಾರದ ಸೋಗು ಹಾಕೋದು ಬೇರೆ. ಎರಡಕ್ಕೂ ಬೇರೆ ಬೇರೆ ಸೆಕ್ಷನ್ನು. ಅರ್ಥ ಆಯ್ತಾ? ಆಗಿರಲ್ಲ, ನಂಗೊತ್ತು. ಮೊದಲಿಂದ ಹೇಳಿ."

ಯಜಮಾನರು ಮೊದಲಿಂದ ಹೇಳಲಿಲ್ಲ. ಕಣ್ಣು ಕಿರಿದು ಮಾಡಿ ಇನ್‌ಸ್ಪೆಕ್ಟರ್ ಮುಖವನ್ನೇ ನೋಡಿದರು.

"ಸಾರ್, ನಿಮ್ಮನ್ನ ಎಲ್ಲೋ ಕೇಳಿದ ಹಾಗಿದೆ."

"ನೋಡಿದ ಹಾಗಿದೆ ಅನ್ನಿ."

"ಇಲ್ಲ ಸಾರ್, ನೋಡಿಲ್ಲ. ಕೇಳಿದ ಹಾಗಿದೆ."

"ವಿಷಯಕ್ಕೆ ಬನ್ನಿ."

ವಿಷಯ ಇಷ್ಟು. ನಾಲ್ಕನೇ ತಾರೀಕು ಬೆಳಗ್ಗೆ ಹನ್ನೊಂದು ಹತ್ತಕ್ಕೆ ಯಜಮಾನರ ಮೊಬೈಲಿಗೆ ಒಂದು ಕರೆ. ಆ ಕಡೆಯವನು ತಾನು 'ಒತ್ತಾಯದ ವಿವಾಹ ತಡೆ ವಿಶೇಷಾಧಿಕಾರಿ' ಎಂದ. ಆರನೇ ತಾರೀಕಿನ ಮದುವೆ ನಡೆದರೆ ಅಪ್ಪ, ವರ, ಮಂಟಪದ ಮಾಲೀಕ ಮೂವರೂ ಒಂದೇ ಜೀಪಿನಲ್ಲಿ ಎಂದು ಹೆದರಿಸಿದ. ಯಜಮಾನರು ಮದುವೆ ನಿಲ್ಲಿಸಿದರು. ಆಮೇಲೆ, ಮದುವೆಗೆ ಅನುಮತಿ ಕೇಳೋಣವೆಂದು ಜಿಲ್ಲಾ ಕಚೇರಿಗೆ ಹೋದರೆ ಗುಮಾಸ್ತ ನಕ್ಕನಂತೆ. ಅಂಥ ಹುದ್ದೆ ಇದೆ, ಮೇಜೂ ಇದೆ, ಅಧಿಕಾರಿಯನ್ನು ಮಾತ್ರ ಇನ್ನೂ ನೇಮಿಸಿಲ್ಲ.

"ಅವನೇ ಸುಳ್ಳು ಅಂದ್ಮೇಲೆ ಮದುವೆ ನಿಜ ತಾನೇ ಸಾರ್? ಶುಕ್ರವಾರ ಒಂಬತ್ತಕ್ಕೆ ಮತ್ತೆ ಇಟ್ಕೊಂಡಿದೀನಿ. ಮನೆಯವರ ಜೊತೆ ಬರ್ಬೇಕು ನೀವು."

"ಮಗಳಿಗೆ ಒಪ್ಪಿಗೆ ಇದೆಯಾ?" ಮೂಲೆಯಿಂದ ಮಹಿಳಾ ಪೇದೆ ಕೇಳಿದಳು.

"ಅವಳನ್ನ್ಯಾಕಮ್ಮ ಕೇಳೋದು? ಮದುವೆ ಮಾಡ್ತಿರೋನು ನಾನು."

"ಆಗ್ತಿರೋಳು?"

"ಅವಳು ಸರ್ವೆ ಕಲೀತಾಳೆ. ಊರ ಜಮೀನೆಲ್ಲ ಅಳೀತಾಳೆ, ಅಪ್ಪನ ಮಾತು ಮಾತ್ರ ಅಳತೆಗೆ ಸಿಗಲ್ಲ. ಫೋನು ಕಿತ್ತು ಒಳಗಿಟ್ಟಿದೀನಿ. ಅವಳನ್ನೂ ಒಳಗೇ ಇಟ್ಟಿದೀನಿ."

ಮಹಿಳಾ ಪೇದೆ ಇನ್‌ಸ್ಪೆಕ್ಟರ್ ಕಡೆ ನೋಡಿದಳು. ಇನ್‌ಸ್ಪೆಕ್ಟರ್ ಫೈಲಿನ ಕಡೆ ನೋಡಿದರು. "ಅದು ಬೇರೆ ಸೆಕ್ಷನ್. ಈಗ ಬಂದಿರೋದು ಸೋಗಿನ ದೂರು. ಆರೋಪಿ ದನಿ ಹೇಗಿತ್ತು?"

ಯಜಮಾನರ ಮೊಬೈಲಿನಲ್ಲಿ ಕರೆ ದಾಖಲಾಗಿತ್ತು. ಒತ್ತಿದರು. "ಖ್ಹಂ… ನೋಡಿ, ಮಗಳು ನಿಮ್ಮವಳು, ಬದುಕು ಅವಳದು. ಅರ್ಥ ಆಯ್ತಾ? ಆಗಿರಲ್ಲ, ನಂಗೊತ್ತು."

ರೈಟರನ ಪೆನ್ನು ನಿಂತಿತು. ಮಹಿಳಾ ಪೇದೆ ಏನೋ ಬೀಳಿಸಿಕೊಂಡವಳಂತೆ ಮೇಜಿನ ಕೆಳಗೆ ಹೋದಳು, ಬೇಗ ಮೇಲೆ ಬರಲಿಲ್ಲ. ಆರೋಪಿಯ ಉದ್ಧಟತನ ಕಂಡು ಸಿಬ್ಬಂದಿ ದಂಗಾಗಿದ್ದಾರೆ ಎಂದು ಇನ್‌ಸ್ಪೆಕ್ಟರ್ ತಿಳಿದರು.

"ಎಫ್‌ಐಆರ್‌ಗೆ ಬರ್ಕೊಳ್ರೀ. ಆರೋಪಿ ಸುಮಾರು ಐವತ್ತು ವರ್ಷದ ಗಂಡಸು. ಗಂಟಲಲ್ಲಿ ಕಫ, ಮಾತಲ್ಲಿ ಕೊಬ್ಬು. ಎದುರಿಗಿರೋರೆಲ್ಲ ದಡ್ಡರು ಅಂತ ತಿಳಿದಿರೋ ಆಸಾಮಿ."

"ಇದೇ ಪದಗಳಾ ಸಾರ್?"

"ಒಂದೂ ಬಿಡಬೇಡಿ."

ಕರೆ ಬಂದ ಸಂಖ್ಯೆಯನ್ನು ಹುಡುಕಲು ರೈಟರ್ ಎಲ್ಲಿಗೂ ಹೋಗಬೇಕಾಗಲಿಲ್ಲ. ಅದು ಅವನ ತಲೆಯ ಮೇಲೇ, ಗೋಡೆಯ ಭಿತ್ತಿಪತ್ರದಲ್ಲಿತ್ತು: ಒತ್ತಾಯದ ವಿವಾಹ ತಡೆ ಸಹಾಯವಾಣಿ. ಈ ಕಾಯ್ದೆಗೆ ಸಂಸತ್ತು ಆರು ವರ್ಷ ತಲೆಕೆಡಿಸಿಕೊಂಡಿತ್ತು. 'ಒತ್ತಾಯದ' ಎನ್ನಬೇಕೋ 'ಬಲವಂತದ' ಎನ್ನಬೇಕೋ ಎಂಬುದಕ್ಕೇ ಎರಡು ಅಧಿವೇಶನ ಹೋಗಿದ್ದವು. ಕೊನೆಗೆ ಒತ್ತಾಯಕ್ಕೇ ಒತ್ತು ಸಿಕ್ಕಿತು. ಈಗ ಸಂಸದೀಯ ಸಮಿತಿ ಮೂರು ತಿಂಗಳಿಗೊಮ್ಮೆ ಪ್ರತಿ ಠಾಣೆಗೂ ನಮೂನೆ ಕಳಿಸಿ, ನಿಮ್ಮಲ್ಲಿ ಎಷ್ಟು ಪ್ರಕರಣ ಎಂದು ಕೇಳುತ್ತಿತ್ತು. ಎರಡು ವರ್ಷದಿಂದ ಈ ಠಾಣೆಯ ಉತ್ತರ ಒಂದೇ: ಶೂನ್ಯ. ಅಕ್ಷರ ಚೆನ್ನಾಗಿದೆಯೆಂದು ರೈಟರನೇ ಬರೆಯುತ್ತಿದ್ದ.

ಹನ್ನೆರಡು ಐದಕ್ಕೆ ಆ ಸಂಖ್ಯೆಗೆ ಕರೆ ಮಾಡಿದ. ಇಂಪಾದ ಹೆಣ್ಣುದನಿ: "ನಮಸ್ಕಾರ. ನಿಮ್ಮ ಕರೆ ನಮಗೆ ಮುಖ್ಯ. ಒತ್ತಾಯಕ್ಕೆ ಒಂದನ್ನು ಒತ್ತಿ. ಒಪ್ಪಿಗೆ ಇದ್ದರೆ ಫೋನಿಟ್ಟು ಸುಖವಾಗಿರಿ."

ರೈಟರ್ ಒಂದನ್ನು ಒತ್ತಿದ. ಪೀಪೀ ಎಂದು ಸಂಗೀತ ಬಂತು. ನಡುವೆ ಒಂದು ಸೀಟಿ.

"ಸಾರ್, ಸರ್ಕಾರದಲ್ಲಿ ಕುಕ್ಕರ್ ಕೂಗ್ತು."

"ಇನ್ನೊಂದು ಸಲ ಒತ್ತಿ."

ಒತ್ತಿದ. ಯಂತ್ರದ ಸಹನೆ ಕೆಟ್ಟಿತು: "ಒಂದೇ ಸಲ ಒತ್ತಪ್ಪಾ, ಕಿವಿ ತೂತಾಗುತ್ತೆ!" ಫೋನು ಕಟ್ಟಾಯಿತು.

ಮರುದಿನ ಮಂಗಳವಾರ. ದಾಖಲಾದ ಕರೆಯನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡಿದ್ದ ಇನ್‌ಸ್ಪೆಕ್ಟರ್, ಮಧ್ಯಾಹ್ನ ಒಂದೂಕಾಲಕ್ಕೆ ಊಟಕ್ಕೆ ಮನೆಗೆ ಹೋದವರು ನಡುಮನೆಯಲ್ಲಿ ಕೂತು ಅದನ್ನು ಮತ್ತೆ ಕೇಳಿದರು. "ಖ್ಹಂ… ಅರ್ಥ ಆಯ್ತಾ? ಆಗಿರಲ್ಲ, ನಂಗೊತ್ತು."

ಅಡುಗೆಮನೆಯಿಂದ ಹೆಂಡತಿ ಕೂಗಿದರು: "ಎಲ್ಲಾ ಅರ್ಥ ಆಗಿದೆ, ಕೈ ತೊಳ್ಕೊಂಡು ಬನ್ನಿ!"

ಇನ್‌ಸ್ಪೆಕ್ಟರ್ ಬಾಯಿ ತೆರೆದಿರಲಿಲ್ಲ. ಕೇಳಿದ ಮೇಲೆ ತೆರೆಯಿತು, ಬಹಳ ಹೊತ್ತು ಮುಚ್ಚಲಿಲ್ಲ.

ಎರಡೂವರೆಗೆ ಠಾಣೆಗೆ ಬಂದವರೇ ಕೇಳಿದರು: "ನಾನು ಹಾಗೆ ಮಾತಾಡ್ತೀನೇನ್ರೀ?"

ಫ್ಯಾನು ತಿರುಗಿತು. ಬೇರೆ ಯಾರೂ ಅಲುಗಲಿಲ್ಲ. "ಹಾಗೇ ಅಂತಲ್ಲ ಸಾರ್," ಎಂದ ರೈಟರ್, "ಇನ್ನೂ ಸ್ವಲ್ಪ ಜೋರಾಗಿ."

ನುಂಗಿಕೊಂಡರು. ತನಿಖೆ ತನಿಖೆಯೇ. ತಮ್ಮ ದನಿ ಕದಿಯಬೇಕಾದರೆ ಕಳ್ಳ ತಮ್ಮೆದುರು ನಿಂತು ಮಾತು ಕೇಳಿರಬೇಕು. ಠಾಣೆಗೆ ಬಂದುಹೋದವರ ಅರ್ಜಿಗಳನ್ನೆಲ್ಲ ತೆಗೆಸಿದರು. ಅಷ್ಟರಲ್ಲಿ ಮಹಿಳಾ ಪೇದೆ ಸಚಿವಾಲಯದ ಮೂಲ ಸುತ್ತೋಲೆಯನ್ನು ತಂದು ಭಿತ್ತಿಪತ್ರದ ಪಕ್ಕ ಹಿಡಿದಳು.

"ಸಾರ್, ಸುತ್ತೋಲೆಯಲ್ಲಿ ಕೊನೇ ಅಂಕಿ ೯. ಗೋಡೆ ಮೇಲೆ ೬."

ಅಚ್ಚಿನವನು ಬಾಲವನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿಬಿಟ್ಟಿದ್ದ. ಊರಿನ ಗೋಡೆಗೋಡೆಯಲ್ಲೂ ಒಂಬತ್ತು ಆರಾಗಿತ್ತು. ಒಂಬತ್ತಿರುವ ಸಂಖ್ಯೆಗೆ ಕರೆ ಮಾಡಿದರು. ನಲವತ್ತು ನಿಮಿಷ ಸಂಗೀತ ಕೇಳಿಸಿತು, ಮನುಷ್ಯರು ಸಿಗಲಿಲ್ಲ. ಸಹಾಯವಾಣಿಯೇ ಅಸಹಾಯವಾಗಿತ್ತು.

ಮತ್ತೆ ಆರು ಯಾರ ಮನೆಯದು? ಉತ್ತರ 'ಇತರೆ' ಎಂಬ ಫೈಲಿನ ತಳದಲ್ಲಿ ಸಿಕ್ಕಿತು. ಒಂದೇ ಕೈಬರಹದ ಮೂರು ಅರ್ಜಿಗಳು: "ನಮ್ಮ ಮನೆಯ ಫೋನಿಗೆ ಹೆಣ್ಣುಮಕ್ಕಳು ಕರೆ ಮಾಡಿ ಅಳುತ್ತಾರೆ. ಸಂಖ್ಯೆ ತಪ್ಪಾಗಿದೆ. ದಯವಿಟ್ಟು ಸರಿಪಡಿಸಿ." ಬರೆದವರು ಬಸ್ ನಿಲ್ದಾಣದ ನಿವೃತ್ತ ಅನೌನ್ಸರ್. ಮೂವತ್ತೊಂದು ವರ್ಷ ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ, ಪ್ರಯಾಣಿಕರ ಗಮನಕ್ಕೆ" ಎಂದಿದ್ದಕ್ಕೆ ಊರು ಅವರನ್ನು ಗಮನಕ್ಕ ಎಂದೇ ಕರೆಯುತ್ತಿತ್ತು. ಮೂರೂ ಅರ್ಜಿಗಳ ಅಂಚಿನಲ್ಲಿ ಒಂದೇ ಷರಾ: "ಸರ್ಕಾರಿ ಮುದ್ರಣದಲ್ಲಿ ತಪ್ಪಿರುವುದಿಲ್ಲ. ಮುಕ್ತಾಯ." ಕೆಳಗೆ ಇನ್‌ಸ್ಪೆಕ್ಟರ್ ಸಹಿ.

ಅವರಿಗೆ ನೆನಪಾಯಿತು. ಬೆಂಚಿನ ಮೇಲೆ ಚೀಲ ತೊಡೆಗೇರಿಸಿ ಕೂತಿದ್ದ ಹೆಂಗಸು. ಆಕೆಗೆ ತಾವೇನು ಹೇಳಿ ಕಳಿಸಿದ್ದೆವೆಂಬುದೂ ನೆನಪಾಯಿತು. ಕೊನೆಯ ವಾಕ್ಯವಂತೂ ಎಲ್ಲರಿಗೂ ಗೊತ್ತಿದ್ದದ್ದೇ.

ಹದಿನಾರನೇ ತಾರೀಕು, ಬುಧವಾರ, ಬೆಳಗ್ಗೆ ಹತ್ತು ಗಂಟೆ. ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಫೋನಿನ ತಂತಿ ಗಿಡ್ಡವಾದ್ದರಿಂದ ಫೋನು ಒಲೆಯ ಪಕ್ಕದ ಸ್ಟೂಲಿನ ಮೇಲಿತ್ತು, ಅದರ ಪಕ್ಕ ಕುಕ್ಕರ್.

"ಬನ್ನಿ ಸಾರ್. ಒಂಬತ್ತೂವರೆಗೇ ಬರ್ತೀರಿ ಅಂದ್ಕೊಂಡಿದ್ದೆ," ಎಂದರು ಗಮನಕ್ಕ. "ಅರ್ಧ ಗಂಟೆ ತಡ. ಅನೌನ್ಸ್ ಮಾಡೋಣ ಅನ್ನಿಸ್ತು."

ಕೆಳಗಿನ ಇಸ್ತ್ರಿಯವನನ್ನೂ ಅವನ ತಮ್ಮನನ್ನೂ ಪಂಚರಾಗಿ ಕರೆಸಿ ಪಂಚನಾಮೆ ನಡೆಯಿತು. ವಶಪಡಿಸಿಕೊಂಡದ್ದು: ಫೋನು ಒಂದು, ಉದ್ದ ನೋಟ್‌ಬುಕ್ ಒಂದು, ಕಾಗದ ಸುತ್ತಿದ ಬಾಚಣಿಗೆ ಒಂದು. "ಬಾಚಣಿಗೆ ಯಾಕೆ?" ಎಂದ ರೈಟರ್. ಗಮನಕ್ಕ ಅದನ್ನು ತುಟಿಗಿಟ್ಟು ಊದಿದರು. ಸರ್ಕಾರಿ ಸಂಗೀತ ಬಂತು.

"ಎಷ್ಟು ಮದುವೆ ನಿಲ್ಲಿಸಿದೀರಿ?"

"ಏಳು."

"ನನ್ನ ದನೀನೇ ಯಾಕೆ?"

"ಬೇರೆಯವೂ ನೋಡಿದೆ ಸಾರ್. ಡಿಪೋ ಮ್ಯಾನೇಜರ್ ದನಿಗೆ ಯಾರೂ ಹೆದರ್ಲಿಲ್ಲ. ಮಂತ್ರಿ ದನಿಗೆ ನಕ್ಕುಬಿಟ್ರು. ನಿಮ್ಮದು ಒಂದೇ ಸಲಕ್ಕೆ ನಾಟ್ತು. ಠಾಣೆಯಲ್ಲಿ ನನಗೇ ನಾಟಿತ್ತಲ್ಲ."

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೆಸರಿರಲಿಲ್ಲ. ಒಂದು ತಾರೀಕು, 'ಮಧ್ಯಾಹ್ನ ಮೂರು', ಅದರ ಕೆಳಗೆ 'ರಾಂಗ್ ನಂಬರ್'.

"ಇದೇನು?"

"ಅದು ಆಮೇಲೆ. ಶುಕ್ರವಾರದ ಹುಡುಗೀನ ಮೊದ್ಲು ನೋಡಿ ಸಾರ್. ಫೋನು ಕಿತ್ಕೊಳ್ಳೋ ಮುಂಚೆ ಅವಳು ಮಾತಾಡಿದ್ದು ನನ್ನ ಹತ್ರ. ಈಗ ನನ್ನ ಹಿಡಿದ್ರಿ. ಅವಳಿಗೆ ಯಾರಿದಾರೆ?"

ಇನ್‌ಸ್ಪೆಕ್ಟರ್ ಕೈಗೆ ಸಿಕ್ಕ ಫೋನೆತ್ತಿ ಪರದೆ ಅಂಗಡಿಗೆ ತಿರುಗಿಸಿದರು. ಕೈಗೆ ಸಿಕ್ಕಿದ್ದು ಆಗಷ್ಟೇ ವಶಪಡಿಸಿಕೊಂಡ ಫೋನೇ ಎಂಬುದು ಹೊಳೆಯಲಿಲ್ಲ.

"ಖ್ಹಂ… ನೋಡಿ, ನಾನು ಇನ್‌ಸ್ಪೆಕ್ಟರ್. ಮಗಳನ್ನ ಕೂಡಿಹಾಕಿ ಮದುವೆ ಮಾಡೋ ಹಾಗಿಲ್ಲ. ಅರ್ಥ ಆಯ್ತಾ?"

ಆ ಕಡೆಯಿಂದ ಯಜಮಾನರ ಗಹಗಹಿಕೆ ಕೋಣೆಗೆಲ್ಲ ಕೇಳಿಸಿತು. "ಬಾರಯ್ಯ ಬಾ! ಈ ನಂಬರ್ ನಂಗೆ ಬಾಯಿಪಾಠ. ನಿಜವಾದ ಇನ್‌ಸ್ಪೆಕ್ಟ್ರನ್ನೇ ನೋಡಿದೀನಿ, ಅವರ ಮುಂದೆ ನೀನು ಯಾವ ಗಿಡದ ತಪ್ಪಲು? ಇವತ್ತಂತೂ ದನೀನೂ ಕೂತಿದೆ. ಹೋಗು, ಅಭ್ಯಾಸ ಮಾಡ್ಕೊಂಡು ಬಾ! ನಿನ್ನ ಕಾಟಕ್ಕೆ ಶುಕ್ರವಾರದವರೆಗೆ ಕಾಯಲ್ಲ. ಇವತ್ತೇ ನಾಲ್ಕಕ್ಕೆ ಮದುವೆ!"

ಇನ್‌ಸ್ಪೆಕ್ಟರ್ ಮುಖ ಹುಳ್ಳಗಾಯಿತು. ತಮ್ಮ ದನಿಯನ್ನು ತಾವೇ ಮಾಡಿ ನಪಾಸಾದ ಮೊದಲ ಮನುಷ್ಯ ತಾವಿರಬೇಕು.

"ಸಾರ್," ಎಂದರು ಗಮನಕ್ಕ ಮೆಲ್ಲಗೆ, "ಖ್ಹಂ ಇನ್ನೂ ಸ್ವಲ್ಪ ಎದೆಯಿಂದ ಬರ್ಬೇಕು."

ಕತೆ ಓಡಿದ್ದು ಇಲ್ಲಿ. ಆರೋಪಿಯನ್ನು ಮಹಿಳಾ ಪೇದೆಯ ಜೊತೆ ಜೀಪಿನಲ್ಲೇ ಕೂರಿಸಿಕೊಂಡು ಇನ್‌ಸ್ಪೆಕ್ಟರ್ ನ್ಯಾಯಾಧೀಶರ ಬಳಿಗೆ ಓಡಿದರು. ಎರಡು ವರ್ಷದಿಂದ ಯಾರೂ ಕೇಳದಿದ್ದ ರಕ್ಷಣಾ ಆದೇಶದ ನಮೂನೆ ಹುಡುಕಲು ಕೋರ್ಟಿನವರಿಗೇ ಒಂದು ಗಂಟೆ ಹಿಡಿಯಿತು. ಸಹಿಯಾದಾಗ ಎರಡು ಐವತ್ತು. ಯಜಮಾನರ ಮನೆ ತಲುಪಿದಾಗ ಮೂರು ಇಪ್ಪತ್ತೈದು. ವರ ಬಂದು ಕೂತಿದ್ದ. ಹೊಸ ಬೂಟು ಕಚ್ಚುತ್ತಿತ್ತೆಂದು ಕಾಣುತ್ತದೆ, ಒಂದನ್ನು ಬಿಚ್ಚಿಟ್ಟಿದ್ದ.

ಮಹಿಳಾ ಪೇದೆ ಬೀಗ ತೆಗೆಸಿ ಒಳಗೆ ಹೋದಳು. ಕಿಟಕಿಯ ಹತ್ತಿರ ಹುಡುಗಿ ನಿಂತಿದ್ದಳು.

"ಈ ಮದುವೆ ನಿಂಗೆ ಬೇಕೇನಮ್ಮ?"

"ಬೇಡ ಅಂತ ಅಪ್ಪನಿಗೆ ಹದಿನೇಳು ಸಲ ಹೇಳಿದೀನಿ ಅಕ್ಕ. ಅಪ್ಪ ನಾಚಿಕೆ ಅಂದ್ಕೊಂಡ್ರು."

ಹೊರಗೆ ಇನ್‌ಸ್ಪೆಕ್ಟರ್ ಆದೇಶ ಓದಿ ಹೇಳಿದರು. ಓದುತ್ತ ಓದುತ್ತ ಖ್ಹಂ ಬಂದುಬಿಟ್ಟಿತು. ಯಜಮಾನರ ಕೈಯಿಂದ ಅಳತೆ ಟೇಪು ಜಾರಿತು.

"ಅಯ್ಯೋ, ಬೆಳಗ್ಗೆ ಫೋನಲ್ಲಿದ್ದೋರು ನೀವೇನಾ?"

"ನಾನೇ."

"ನಾಲ್ಕನೇ ತಾರೀಕು?"

ಇನ್‌ಸ್ಪೆಕ್ಟರ್ ಆದೇಶವನ್ನು ಮಡಚಿದರು. "ಆಗಲೂ ನಾನೇ ಇರಬೇಕಿತ್ತು," ಎಂದರು.

ಸಂಜೆ ಐದು ಹತ್ತಕ್ಕೆ ಠಾಣೆಯಲ್ಲಿ ಗಮನಕ್ಕನ ಬಂಧನ ದಾಖಲಾಯಿತು. ಒಂದು ಬಂಧನ ತಪ್ಪಿಸಲು ಹೋಗಿ ಇನ್ನೊಂದು ಬಂಧನ. ಸೋಗಿನ ಸೆಕ್ಷನ್‌ಗೆ ಠಾಣೆಯಲ್ಲೇ ಜಾಮೀನು ಕೊಡಬಹುದಿತ್ತು. ಇಸ್ತ್ರಿಯವನು ಜಾಮೀನಿಗೆ ಬಂದು ಬಾಗಿಲಲ್ಲಿ ನಿಂತಿದ್ದ. ರೈಟರ್ ನಿಂತ ಏಳು ಮದುವೆಗೆ ನೋಟ್‌ಬುಕ್ಕಿನ ಹೆಸರಿಲ್ಲದ ಮೊದಲ ಪುಟವನ್ನೂ ಸೇರಿಸಿ, ಸಮಿತಿಯ ನಮೂನೆಯಲ್ಲಿ ಶೂನ್ಯವನ್ನು ಹೊಡೆದು ಎಂಟು ಎಂದು ಬರೆದ. ಇನ್‌ಸ್ಪೆಕ್ಟರ್ ಮೂರು ಹಳೆಯ ಅರ್ಜಿಗಳ ಮೇಲಿನ 'ಮುಕ್ತಾಯ'ವನ್ನು ತಾವೇ ಹೊಡೆದುಹಾಕಿ ಸಚಿವಾಲಯಕ್ಕೆ ಕಾಗದ ಬರೆಸಿದರು. ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ಮುಂದಿಟ್ಟರು.

ಗಮನಕ್ಕ ಈ ಸಲ ಯಾರ ದನಿಯನ್ನೂ ಹಾಕಲಿಲ್ಲ. ಅವರದೇ ದನಿ ಬಹಳ ಸಣ್ಣದು.

"ಮೊದಲನೇ ಕರೆ ಅದು. ಊಟ ಮಾಡಿ ಮಲಗಿದ್ದೆ. ಒಂದು ಹುಡುಗಿ 'ನಾಳೆ ಮದುವೆ' ಅಂದ್ಲು. ರಾಂಗ್ ನಂಬರ್ ಅಂತ ಇಟ್ಬಿಟ್ಟೆ. ಅಷ್ಟು ವರ್ಷ ಯಾವ ಬಸ್ಸು ಎಲ್ಲಿಂದ ಹೊರಡುತ್ತೆ ಅಂತ ಊರಿಗೆಲ್ಲ ಹೇಳಿದೋಳು ಸಾರ್ ನಾನು. ಅವಳಿಗೆ ಮಾತ್ರ ಏನೂ ಹೇಳ್ಲಿಲ್ಲ. ಅವಳು ಮತ್ತೆ ಮಾಡ್ಲೂ ಇಲ್ಲ."

ಪಕ್ಕದ ಕೋಣೆಯಲ್ಲಿ ಹುಡುಗಿ ಹೇಳಿಕೆಗೆ ಸಹಿ ಹಾಕುತ್ತಿದ್ದ ಪೆನ್ನಿನ ಸದ್ದು ಕೇಳುತ್ತಿತ್ತು.

"ಎಫ್‌ಐಆರ್ ಓದಿ ಹೇಳ್ರೀ," ಎಂದರು ಇನ್‌ಸ್ಪೆಕ್ಟರ್ ಕೊನೆಗೆ. "ಆರೋಪಿಗೆ ಓದಿ ಹೇಳ್ಬೇಕು, ನಿಯಮ."

"ಪೂರ್ತಿನಾ ಸಾರ್?"

"ಪೂರ್ತಿ."

ರೈಟರ್ ಎದ್ದು ನಿಂತು, ಗೋಡೆಯ ಕಡೆ ಮುಖ ಮಾಡಿ ಓದಿದ: "ಆರೋಪಿಯು ಸುಮಾರು ಐವತ್ತು ವರ್ಷದ ಗಂಡಸು. ಗಂಟಲಲ್ಲಿ ಕಫ, ಮಾತಲ್ಲಿ ಕೊಬ್ಬು. ಎದುರಿಗಿರುವವರೆಲ್ಲ ದಡ್ಡರೆಂದು ತಿಳಿದಿರುವ ಆಸಾಮಿ."

ಗಮನಕ್ಕ ಕಣ್ಣೊರೆಸಿಕೊಂಡು ತಲೆಯಾಡಿಸಿದರು. "ಇದು ನಾನಲ್ಲ ಸಾರ್. ಠಾಣೆಯಲ್ಲಿ ಬೇರೆ ಯಾರಾದ್ರೂ ಇದಾರಾ ನೋಡಿ."

ರೈಟರ್ ತುಟಿ ಕಚ್ಚಿದ. ಮಹಿಳಾ ಪೇದೆ ಮೇಜಿನ ಕೆಳಗೆ ಹೋಗಲು ಬಗ್ಗಿದಳು. ಇನ್‌ಸ್ಪೆಕ್ಟರ್ ಖ್ಹಂ ಎಂದರು. ಖ್ಹಂ ಎಂದದ್ದು ತಮಗೇ ಕೇಳಿಸಿತು, ಜೀವನದಲ್ಲಿ ಮೊದಲ ಸಲ. ಅಷ್ಟೇ, ತಡೆಯಲಾಗಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ರೈಟರ್ ನಕ್ಕ, ಮಹಿಳಾ ಪೇದೆ ನಕ್ಕಳು, ಏನೆಂದು ತಿಳಿಯದ ಇಸ್ತ್ರಿಯವನೂ ನಕ್ಕ. ಪಕ್ಕದ ಕೋಣೆಯಿಂದ ಹುಡುಗಿ ಪೆನ್ನು ಹಿಡಿದೇ ಬಂದು ಬಾಗಿಲಲ್ಲಿ ನಿಂತಳು.

"ಅಕ್ಕ, ಅಷ್ಟು ಜೋರಾಗಿ ನಗ್ತಿರೋರು ಯಾರು?"

"ಆರೋಪಿ," ಎಂದರು ಇನ್‌ಸ್ಪೆಕ್ಟರ್, ಮತ್ತೆ ನಕ್ಕರು.