ಸೊಪ್ಪಿನ ಹೊಲದ ಅಡಿಯ ಗಂಟೆ

ಗುತ್ತಿಗೆ ಮುಗಿದು ಸರ್ಕಾರಕ್ಕೆ ಮರಳಲಿದ್ದ ಆ ಹೊಲಕ್ಕೆ ನಾಳೆ ಬೆಳಗ್ಗೆ ಬೇಲಿ ಬೀಳಲಿತ್ತು. ಆಮೇಲೆ ಯಾರೂ ಅಲ್ಲಿ ಗುದ್ದಲಿ ಹಾಕುವಂತಿರಲಿಲ್ಲ. ಗಂಟೆ ಸಿಗುವುದಿದ್ದರೆ ಇವತ್ತೇ ಸಿಗಬೇಕು.

ನಗರದ ಬಿಶಾನ್‌ನಿಂದ ಗಂಡ, ಮಗಳೊಂದಿಗೆ ಮೊದಲ ಬಸ್ಸಿಗೇ ದ್ವೀಪದ ಅಂಚಿನ ಲಿಮ್ ಚು ಕಾಂಗ್‌ಗೆ ಬಂದಿದ್ದ ಭಾನುಮತಿಗೆ ಮನಸ್ಸೆಲ್ಲ ಅದೇ ಆಗಿತ್ತು. ಹೊಲದ ಕೋ ಅಂಕಲ್ ಅವಳಿಗೆ ಎಷ್ಟೋ ಕಾಲದಿಂದ ಸೊಪ್ಪು ಕೊಡುತ್ತಿದ್ದವರು. ಬ್ರಿಟಿಷರ ಕಾಲದಲ್ಲಿ ಅದು ರಬ್ಬರ್ ತೋಟ. ಕೂಲಿಗಳ ಹಾಜರಿಗೆ ಬೆಳಗಿನ ಗಂಟೆ ಬಾರಿಸುವುದು ಅಂಕಲ್ ತಂದೆಯ ಕೆಲಸ. ಜಪಾನಿಯರು ಬಂದಾಗ ಹಿತ್ತಾಳೆ ಅವರ ಕೈಗೆ ಸಿಗದಿರಲೆಂದು ಆ ತಂದೆ ಗಂಟೆಯನ್ನು ಹೂತಿಟ್ಟರು. ಯುದ್ಧ ಮುಗಿಯುವಷ್ಟರಲ್ಲಿ ಮರಗಳೆಲ್ಲ ಸೌದೆಯಾಗಿ, ಗುರುತು ಅಳಿಸಿಹೋಗಿತ್ತು. ಎಷ್ಟು ಅಗೆದರೂ ಸಿಗಲಿಲ್ಲ. ಮಾರಿಕೊಂಡು ತಿಂದ ಎಂದಿತು ಊರು. ಗಂಟೆಗಳ್ಳನೆಂಬ ಹೆಸರು ಹೊತ್ತೇ ಅವರು ತೀರಿಕೊಂಡರು.

ಕೊನೆಯ ಕೊಯ್ಲು ಮುಗಿದ ಹೊಲ ಮಂಜು ಹೊದ್ದು ಮಲಗಿತ್ತು. ಮಡಿಗಳಲ್ಲಿ ಕೊಯ್ದ ಬುಡಗಳಷ್ಟೇ ಉಳಿದು, ಒಂದೊಂದರ ತುದಿಯಲ್ಲೂ ನೀರಿನ ಹನಿ ನಿಂತಿತ್ತು. ಹಾಗಲ ಚಪ್ಪರದ ಗಳಗಳು ಬಳ್ಳಿ ಕಳಚಿಕೊಂಡು ಬರಿದಾಗಿದ್ದವು. ಅದರಾಚೆ ಏರಿ, ಏರಿಯಾಚೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಕಾಡಿನಾಚೆ ಇದೆಯೋ ಇಲ್ಲವೋ ಎಂಬಂತೆ ಸಮುದ್ರ. ಬೆಳ್ಳಕ್ಕಿಯೊಂದು ಮಡಿಯಿಂದ ಮಡಿಗೆ ಕಾಲೆತ್ತಿ ಇಡುತ್ತಿತ್ತು, ನೆಲಕ್ಕೆ ಎಚ್ಚರವಾದೀತೆಂಬ ಹಾಗೆ. ಮಳವಳ್ಳಿ ಕಡೆಯ ಭತ್ತ ಕೊಯ್ದ ಗದ್ದೆಯಲ್ಲೂ ಭಾನುಮತಿ ಇಂಥದೇ ಮೌನ ಕಂಡಿದ್ದಳು. ಬೂಟು ಬಿಚ್ಚಿಟ್ಟಳು. ಕೊಯ್ಲಾದ ನೆಲವನ್ನು ಬರಿಗಾಲಲ್ಲಿ ತುಳಿದೇ ಅವಳಿಗೆ ರೂಢಿ.

ಗಂಡ ಉಪೇಂದ್ರ ಹಡಗುಕಟ್ಟೆಯ ಇಂಜಿನಿಯರ್. ಮೆಟಲ್ ಡಿಟೆಕ್ಟರನ್ನು ನೆಲದ ಮೇಲೆ ಮೆಲ್ಲಗೆ ಬೀಸುತ್ತ ನಡೆದ. ಅದು ಕುಂಯ್ ಎಂದಿತು.

“ಭಾನು, ಕಾಲು ಹಿಂದಕ್ಕಿಡು. ನಿನ್ನ ಕಾಲುಂಗುರ ಮತ್ತೆ ಕೂಗ್ತಿದೆ.”

“ತೆಗೆದಿಡ್ಲಾ?”

“ಬೇಡಮ್ಮ. ನಿಮ್ಮಮ್ಮ ಫೋನಲ್ಲೇ ನನ್ನ ಮೇಲೆ ಎಗರ್ತಾರೆ.”

“ಅಪ್ಪ, ಇಲ್ಲೀವರೆಗೂ ನೀನು ಡಿಟೆಕ್ಟ್ ಮಾಡಿರೋದು ಅಮ್ಮನ್ನ ಮಾತ್ರ ಲಾ,” ಎಂದು ಇಲ್ಲಿಯವರಂತೆ ‘ಲಾ’ ಸೇರಿಸಿದಳು ಪಾಲಿಟೆಕ್ನಿಕ್ ಓದುವ ಮಗಳು ಗಾರ್ಗಿ.

ಅಷ್ಟೇನೂ ಅಲ್ಲ. ಕಿರೀಟದ ಗುರುತಿನ ಅಂಗಿ ಗುಂಡಿ ಸಿಕ್ಕಿತು, ಸೊಟ್ಟ ಚಮಚ ಸಿಕ್ಕಿತು, ರಾಜನ ತಲೆಯ ಸೆಂಟು ನಾಣ್ಯ ಸಿಕ್ಕಿತು. ಕೋ ಅಂಕಲ್ ಒಂದೊಂದನ್ನೂ ಅಂಗೈಯಲ್ಲಿಟ್ಟು ನೋಡಿ, ವಾಪಸು ಕೊಟ್ಟು, ಮತ್ತೆ ನೆಲದ ಕಡೆ ಕಣ್ಣು ಹಾಕುತ್ತಿದ್ದರು.

ಪಡುವಣ ಕಪ್ಪಾಯಿತು. “ಸುಮಾತ್ರಾ ಗಾಳಿ. ಸಿಡಿಲು, ಬಿರುಮಳೆ ತರುತ್ತೆ. ಎಲ್ರೂ ಶೆಡ್ಡಿಗೆ,” ಎಂದರು ಅಂಕಲ್ ತಮ್ಮ ಇಂಗ್ಲಿಷಿನಲ್ಲಿ. ಓಡಿ ಸೇರುವಷ್ಟರಲ್ಲಿ ಮಿಂಚು ಹೊಲವನ್ನೆಲ್ಲ ಬೆಳ್ಳಗೆ ಮಾಡಿತು.

ಸೂರಿನ ನೀರಿಗೆ ಕಾಲೊಡ್ಡಿ ಕೆಸರು ತೊಳೆಯುತ್ತಿದ್ದ ಭಾನುಮತಿ ತಟ್ಟನೆ ನಿಂತಳು.

“ರೀ, ಏರಿ ಪಕ್ಕ ಡಿಟೆಕ್ಟರ್ ಜೋರಾಗಿ ಕೂಗ್ತಲ್ಲ, ಆಗ ನಾನೆಲ್ಲಿದ್ದೆ?”

“ನನ್ನ ಪಕ್ಕದಲ್ಲೇ.”

“ಇಲ್ಲ. ಅಷ್ಟು ದೂರ ಏರಿ ಮೇಲೆ ಕೂತು ಮುಳ್ಳು ತೆಗೀತಿದ್ದೆ. ನೀವು ತಲೆ ಎತ್ತದೇನೇ ಕಾಲು ಹಿಂದಕ್ಕಿಡು ಅಂದ್ರಿ. ನಾನೂ ಸುಮ್ನೆ ಎಳ್ಕೊಂಡೆ.”

ಉಪೇಂದ್ರ ಹೆಂಡತಿಯ ಕಾಲು ನೋಡಿದ. “ಹಿತ್ತಾಳೆಗೂ ಬೆಳ್ಳಿಗೂ ಸ್ವರ ಹತ್ತಿರಾನೇ,” ಎಂದ ಮೆಲ್ಲಗೆ.

ಗುಡುಗು ದೂರ ಸರಿಯುವ ತನಕ ಅಂಕಲ್ ಯಾರನ್ನೂ ಬಿಡಲಿಲ್ಲ. ಆಮೇಲೆ ಮಳೆಯಲ್ಲೇ ಏರಿಯ ಬುಡಕ್ಕೆ ಹೋದರು. ಡಿಟೆಕ್ಟರ್ ಒಂದೇ ಸಮ ಕೂಗಿತು. ಈ ಸಲ ಭಾನುಮತಿ ಬಹಳ ದೂರ ನಿಂತಿದ್ದಳು.

ಅಗೆದರು. ಗುಂಡಿ ಸೊಂಟದಾಳವಾಯಿತು.

ಅಷ್ಟರಲ್ಲಿ ಏರಿಯ ತೂಬು ಕುಸಿಯಿತು. ಸಮುದ್ರದ ಉಬ್ಬರ ಒಳಗೆ ನುಗ್ಗಿತು.

ಉಪೇಂದ್ರ ಗುಂಡಿಯಲ್ಲಿದ್ದ. ಕಾಲು ಕೀಳಲು ನೋಡಿದ. ಕೆಸರು ಬಿಡಲಿಲ್ಲ.

“ಅಪ್ಪ, ಕೈ ಕೊಡು.”

“ತಡಿ. ಕಾಲಡಿ ಗುಂಡಗೆ ಏನೋ ಇದೆ. ಹಗ್ಗ ಎಸಿ.”

“ಗಂಟೆ ಹಾಳಾಗ್ಲಿ. ಮೊದ್ಲು ಮೇಲೆ ಬನ್ನಿ,” ಎಂದಳು ಭಾನುಮತಿ.

“ಬಿಟ್ಟುಬಿಡು,” ಎಂದರು ಅಂಕಲ್ ಕೂಡ. “ನಮ್ಮಪ್ಪ ಸತ್ತು ಬಹಳ ಕಾಲ ಆಯ್ತು. ನೀನು ಬದುಕಿದೀಯ.”

ನೀರು ಎದೆಗೆ ಬಂತು. ಗಾರ್ಗಿ ಎಸೆದ ಹಗ್ಗದೊಂದಿಗೆ ಅವನು ಉಸಿರು ಹಿಡಿದು ಮುಳುಗಿದ, ಎದ್ದ, ಮತ್ತೆ ಮುಳುಗಿದ.

ಭಾನುಮತಿ ಚಪ್ಪರದತ್ತ ಓಡಿದಳು. ಎರಡು ಗಳ ಕಿತ್ತು ತಂದು ಗುಂಡಿಗೆ ಅಡ್ಡ ಹಾಕಿ, ಹೊಟ್ಟೆ ಮೇಲೆ ಮಲಗಿ ಗಂಡನ ಕಂಕುಳಿಗೆ ಕೈ ಹಾಕಿದಳು. “ಎಳೀಬೇಡಿ, ಕಾಲು ಅಲ್ಲಾಡಿಸಿ. ಸಂದಿಗೆ ನೀರು ಇಳೀಲಿ.” ಕೆರೆಯಲ್ಲಿ ಹೂತ ಎಮ್ಮೆಯನ್ನು ಹಾಗೆಯೇ ಬಿಡಿಸುತ್ತಿದ್ದುದು ಅವಳಿಗೆ ಗೊತ್ತಿತ್ತು. ಕೆಸರು ಲೊಟಕ್ ಎಂದಿತು. ಒಂದು ಕಾಲು ಬಂತು. ಇನ್ನೊಂದೂ ಬಂತು, ಬೂಟಿಲ್ಲದೆ.

ಅವನ ಕೈಯಲ್ಲಿ ಹಗ್ಗ ಹಾಗೇ ಇತ್ತು. “ಗಂಟೆ ಕಿವಿಗೆ ಕಟ್ಟಿದೀನಿ,” ಎಂದು ಏದುಸಿರು ಬಿಟ್ಟ. ನಾಲ್ವರೂ ಹಿಡಿದರು. ಅವನನ್ನು ಬಿಡಿಸಿದ ನೀರೇ ಅದನ್ನೂ ಸಡಿಲಿಸಿತ್ತು. ಕುಂಬಳಕಾಯಿಯಷ್ಟು ದಪ್ಪದ ಹಸಿರುಗಟ್ಟಿದ ಗಂಟೆ ಹುಲ್ಲಿನ ಮೇಲೆ ಉರುಳಿತು.

ಅಂಕಲ್ ತೋಳಿನಿಂದ ಒರೆಸಿದರು. ಅಂಚಿನಲ್ಲಿ ತೋಟದ ಹೆಸರು ಕಂಡಿತು. ಅವರು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತರು. ತಮ್ಮ ಭಾಷೆಯಲ್ಲಿ ಏನೋ ಅಂದುಕೊಂಡರು.

ಮಳೆ ನಿಂತು, ತೊಳೆದ ಬಿಸಿಲು ಬಂತು. ಅಂಕಲ್ ಓಡಿಸುತ್ತಿದ್ದ ಸೊಪ್ಪಿನ ಲಾರಿಯ ಹಿಂಭಾಗದಲ್ಲಿ ಮೂವರೂ ಗಂಟೆಯ ಸುತ್ತ ಕೂತರು. ರಸ್ತೆಯ ಹಳ್ಳ ಸಿಕ್ಕಾಗೆಲ್ಲ ಗುದ್ದಲಿ ಗಂಟೆಗೆ ತಾಗಿ ಢಣ್ ಎನ್ನುತ್ತಿತ್ತು. ಒಡೆದೀತೆಂದು ಗಾರ್ಗಿ ನಡುವೆ ತನ್ನ ಚೀಲ ತುರುಕಿದಳು.

ಲಾರಿ ನಿಂತಿತು. ಅಂಕಲ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಚೀಲ ತೆಗಿ. ಹೊಡ್ಕೊಳ್ಲಿ. ಊರಿಗೆ ಕೇಳ್ಲಿ.”

ಆಮೇಲೆ ಲಾರಿ ಬಲು ನಿಧಾನ ಹೋಯಿತು, ಹಳ್ಳಗಳನ್ನು ಹುಡುಕಿಕೊಂಡು ಹೋದ ಹಾಗೆ. ಢಣ್. ಢಣ್. ಅಕ್ಕಪಕ್ಕದ ಹೊಲಗಳಲ್ಲಿ ಬಗ್ಗಿದ್ದ ಮುದುಕರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ, ಹುಲ್ಲು ಟೋಪಿ ಹಿಂದೆ ಸರಿಸಿ, ರಸ್ತೆಯ ಕಡೆ ನೋಡತೊಡಗಿದರು.