ಎಡಗೈ ನೂಲಿನ ಬಾಳವ್ವ

ಬಹಳ ಬಹಳ ಹಿಂದೆ, ಏಳು ಬೆಟ್ಟದ ಆಚೆ, ಹಂಜಿಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ನೇಕಾರರೆಂದು ಬೇರೆ ಯಾರೂ ಇರಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರೂ ನೇಯುತ್ತಿದ್ದರು. ಕುಂಬಾರ ಹಗಲೆಲ್ಲ ಗಡಿಗೆ ಮಾಡಿ, ಹೊತ್ತು ಇಳಿದ ಮೇಲೆ ಕಟ್ಟೆಯ ಮೇಲೆ ಕೂತು ಟೊಪ್ಪಿಗೆ ಹೆಣೆಯುತ್ತಿದ್ದ. ಗಾಣಿಗರ ಮುದುಕಿ ಎಣ್ಣೆ ಕೈ ತೊಳೆದು ರಾಟೆ ತಿರುಗಿಸುತ್ತಿದ್ದಳು. ಕೋಟೆ ಕಾಯುವ ಸಿಪಾಯಿ ಈಟಿಯನ್ನು ಗೋಡೆಗೆ ಆನಿಸಿ ನೂಲು ಸುತ್ತುತ್ತಿದ್ದ. ಮಾರಲಿಕ್ಕಲ್ಲ, ಸಂತೆಗಲ್ಲ, ಬಿರುದಿಗಲ್ಲ. ಕೈಗೆ ಹಿತ, ಮನಸ್ಸಿಗೆ ಹಿತ, ಅಷ್ಟೇ. ಅಷ್ಟು ಸಾಲದು ಅನ್ನುವವರು ಈಗಲೇ ಎದ್ದು ಹೋಗಿ, ಈ ಕತೆ ನಿಮಗಲ್ಲ.

ಆ ಊರಲ್ಲಿ ಬಾಳವ್ವ, ನಿಂಬೆವ್ವ ಅಂತ ಇಬ್ಬರು ಅಕ್ಕತಂಗಿಯರಿದ್ದರು. ಹಗಲು ಮಂಡಕ್ಕಿ ಹುರಿದು ಮಾರುವುದು, ಸಂಜೆ ಮಗ್ಗದ ಮುಂದೆ ಕೂಡುವುದು, ಇದು ಅವರ ದಿನಚರಿ. ಬಾಳವ್ವ ನೂಲುವಳು, ನಿಂಬೆವ್ವ ನೇಯುವಳು, ಇಬ್ಬರೂ ಸೇರಿ ಜಗಳವಾಡುವರು. ಬಾಳವ್ವ ಎಡಚಿ. ಊರೆಲ್ಲ ಕದಿರನ್ನು, ಅಂದರೆ ನೂಲುವ ಕಡ್ಡಿಯನ್ನು, ಬಲಗೈಯಿಂದ ತಿರುಗಿಸಿದರೆ ಇವಳು ಎಡಗೈಯಿಂದ ತಿರುಗಿಸುತ್ತಿದ್ದಳು. ಹಾಗಾಗಿ ಇವಳ ನೂಲಿನ ತಿರುವು ಊರಿನ ನೂಲಿಗೆ ವಿರುದ್ಧ.

"ಒಲ್ಲೆ! ನಿನ್ನ ಈ ತಿರುಗಾಮುರುಗಾ ನೂಲು ನನ್ನ ಮಗ್ಗಕ್ಕ ಒಲ್ಲೆ ಅಂದ್ರ ಒಲ್ಲೆ," ಅನ್ನುವಳು ನಿಂಬೆವ್ವ.

"ಒಲ್ಲೆ ಅಂದ್ರ ಬಿಡು, ನಿನ್ನ ಕಾಲ ಯಾರು ಹಿಡೀತಾರ?" ಅನ್ನುವಳು ಬಾಳವ್ವ. ಬೈದುಕೊಂಡೇ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಹೀಗಿರುವಾಗ ಒಂದು ದಿನ ರಾಜ ಬಿರುದಾಂಕನ ಆಸ್ಥಾನಕ್ಕೆ ಧೂಮಕರ್ಣನೆಂಬ ಮಾಂತ್ರಿಕ ಬಂದ. ಅವನ ಎರಡೂ ಕಿವಿಯಿಂದ ಸಣ್ಣಗೆ ಹೊಗೆ ಬರುತ್ತಿತ್ತು.

"ಮಹಾಪ್ರಭು, ಒಂದು ಟೊಪ್ಪಿಗೆಗೆ ನಿನ್ನ ಪ್ರಜೆಗಳು ಒಂದು ತಿಂಗಳು ಹಾಳು ಮಾಡುತ್ತಾರೆ. ನನ್ನ ಮಾಯಾಮಗ್ಗ ರೆಪ್ಪೆ ಬಡಿಯುವುದರಲ್ಲಿ ನೂರು ಸೀರೆ ನೇಯುತ್ತದೆ. ಹರಿಯುವುದಿಲ್ಲ, ಮಾಸುವುದಿಲ್ಲ. ಎಲ್ಲರಿಗೂ ಪುಕ್ಕಟೆ ಕೊಡುತ್ತೇನೆ. ಮನೆಯಲ್ಲಿ ಯಾರೂ ನೂಲಬಾರದು, ಹೆಣೆಯಬಾರದು, ನೇಯಬಾರದು ಎಂದು ನೀನು ಆಜ್ಞೆ ಹೊರಡಿಸಿದರೆ ಸಾಕು," ಎಂದ.

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿಯ ರಾಜ ಅವನು. ಮೊದಲ ಧೋತರವನ್ನು ತಾನೇ ಉಟ್ಟ. ಆಜ್ಞೆ ಹೊರಟಿತು.

ಸಿಪಾಯಿಗಳು ಕೊಡಲಿ ಹಿಡಿದು ಮನೆ ಮನೆಗೆ ಬಂದರು. ಬಾಳವ್ವನ ಮನೆಗೂ ಬಂದು ಮಗ್ಗದ ಮೇಲೆ ಕೊಡಲಿ ಎತ್ತಿದರು. ನಿಂಬೆವ್ವ ಓಡಿಬಂದು ನಡುವೆ ನಿಂತಳು.

"ತಡೀರಿ! ನಾ ಉಡ್ತೀನಿ ನಿಮ್ಮ ಸೀರಿ. ನಮ್ಮಕ್ಕನ್ನ, ನಮ್ಮ ಮಗ್ಗಾನ ಮಾತ್ರ ಮುಟ್ಟಬ್ಯಾಡ್ರಿ," ಎಂದಳು. ಬಾಳವ್ವ ಬೇಡ ಬೇಡ ಅನ್ನುವುದರೊಳಗೆ ಸೀರೆ ಉಟ್ಟೂ ಆಯಿತು.

ಉಟ್ಟ ಕೂಡಲೇ ನಿಂಬೆವ್ವನ ಮುಖ ತೊಳೆದಿಟ್ಟ ತಟ್ಟೆಯ ಹಾಗಾಯಿತು. ಸಿಪಾಯಿ ನಕ್ಕು ಕೇಳಿದ, "ಈಗ ಒಡೆಯಲೇನವ್ವ?"

"ಆಗಲಿ," ಎಂದಳು ನಿಂಬೆವ್ವ.

ಮಗ್ಗ ಒಡೆದು ಹಾಕಿ, ಇನ್ನೊಂದು ಸೀರೆ ತರುತ್ತೇವೆಂದು ಹೋದರು. ಅವತ್ತಿನಿಂದ ಅವರು ಬಂದಾಗಲೆಲ್ಲ ಬಾಳವ್ವ ಮಂಡಕ್ಕಿ ಭಟ್ಟಿಯ ಹಿಂದೆ ಅಡಗಿದಳು. ಆದರೆ ನಿಂಬೆವ್ವ ಹಗಲಿರುಳು "ಆಗಲಿ" ಒಂದನ್ನೇ ಅನ್ನುತ್ತಿದ್ದಳು. ಉಪ್ಪಿಲ್ಲದ ಸಾರಿಗೂ ಆಗಲಿ, ಬೈದರೂ ಆಗಲಿ. ಬೇಕೆಂದೇ ಬಾಳವ್ವ ಎಡಗೈ ನೂಲಿನ ಉಂಡೆ ತಂದು ಅವಳ ಮಡಿಲಿಗೆ ಹಾಕಿದಳು. ಅದಕ್ಕೂ ಆಗಲಿ! ಬಾಳವ್ವನಿಗೆ ಎದೆ ಒಡೆದುಹೋಯಿತು. ಊರೆಲ್ಲ ಹಾಗೇ ಆಗಿತ್ತು. ಆ ಬಟ್ಟೆ ಉಟ್ಟವರ ಬಾಯಿಂದ ಒಲ್ಲೆ ಎಂಬ ಮಾತು ಮಾಯವಾಗಿತ್ತು.

ಮೂವತ್ತೆಂಟನೆಯ ದಿನ ಡಂಗುರದವನು ಸಾರಿಕೊಂಡು ಬಂದ. "ಕೇಳ್ರಪೋ ಕೇಳ್ರಿ! ನಲವತ್ತು ದಿನ ಉಟ್ಟವರಿಗೆ ಬಟ್ಟೆ ಮೈಗೇ ಅಂಟಿ ಚರ್ಮವಾಗುತ್ತದೆ! ಆಮೇಲೆ ಬಿಚ್ಚುವ ಗೋಜಿಲ್ಲ, ಒಗೆಯುವ ಗೋಜಿಲ್ಲ!"

ಜನ ಆಗಲಿ ಎಂದರು. ಬಾಳವ್ವ ಮಾತ್ರ ಎದ್ದು ನಿಂತು ಸೆರಗು ಬಿಗಿದಳು. "ಚರ್ಮ ಆಗತೈತಂತ! ಇವನ ಬಾಯಿಗೆ ಮಣ್ಣ ಹಾಕ. ನನ್ನ ತಂಗೀನ ನಾ ಬಿಟ್ಟುಕೊಡಂಗಿಲ್ಲ," ಎಂದು ತಂಗಿಯ ಸೀರೆಯನ್ನು ಬೆರಳಲ್ಲಿ ತಡವಿ ನೋಡಿದಳು. ನೂಲಿನ ಕೈ ಸುಳ್ಳು ಹೇಳುವುದಿಲ್ಲ. ಸೀರೆಗೆ ದಡಿ ಇತ್ತು, ಸೆರಗಿತ್ತು, ಆದರೆ ಸೆರಗಿನಲ್ಲಿ ಒಂದೂ ಎಳೆ ಮುಗಿದಿರಲಿಲ್ಲ. ಮೂಲೆಯಿಂದ ಕೂದಲಿಗಿಂತ ಸಣ್ಣ ಒಂದೇ ಒಂದು ಎಳೆ ಹೊಸಿಲು ದಾಟಿ ಬೀದಿಗೆ ಹೋಗಿತ್ತು. ಬೀದಿಯಲ್ಲಿ ಅದು ಪಕ್ಕದ ಮನೆಯ ಎಳೆಯನ್ನು ಕೂಡಿ, ಊರಾಚೆಯ ಕರಿಗುಡ್ಡ ಹತ್ತಿತ್ತು. ರಾಜ್ಯದ ಬಟ್ಟೆಯೆಲ್ಲ ಒಂದೇ ನೂಲು! ಬಾಳವ್ವ ಕದಿರನ್ನು ಸೊಂಟಕ್ಕೆ ಸಿಕ್ಕಿಸಿ, ಎಳೆ ಹಿಡಿದು ನಡೆದಳು.

ಗುಡ್ಡ ಧೂಮಕರ್ಣನದು, ದಾರಿಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಕಬ್ಬಿಣದ ಟಗರು ನಿಂತಿತ್ತು. ಅದರ ಉಣ್ಣೆಯೂ ಕಬ್ಬಿಣದ್ದೇ. ಬಾಳವ್ವನ ಸಪ್ಪಳ ಕೇಳಿದ್ದೇ ಗುದ್ದಲು ಬಂತು. ಅವಳು ಪಕ್ಕಕ್ಕೆ ಜಿಗಿದಳು. ಟಗರು ಬಂಡೆಗೆ ಗುದ್ದಿತು. ಮತ್ತೆ ಬಂತು, ಮತ್ತೆ ಬಂಡೆಗೇ ಗುದ್ದಿತು. ಆಗ ಅವಳು ನೋಡಿದಳು: ಸಿಕ್ಕುಗಟ್ಟಿದ ಉಣ್ಣೆ ಅದರ ಕಣ್ಣನ್ನೇ ಮುಚ್ಚಿತ್ತು.

"ಏ ಮಬ್ಬ! ಕಣ್ಣು ಕಾಣದ ಯಾರಿಗಿ ಗುದ್ದಾಕತ್ತಿ? ನಿಲ್ಲು ಸುಮ್ಕ!" ಎಂದು ಗದರಿದಳು.

ಹುಟ್ಟಿದಾಗಿನಿಂದ ಯಾರೂ ಗದರಿರಲಿಲ್ಲ ಪಾಪ, ಟಗರು ಗಾಬರಿಯಾಗಿ ನಿಂತುಬಿಟ್ಟಿತು. ಬಾಳವ್ವ ಕೂತು, ಸಿಕ್ಕು ಬಿಡಿಸತೊಡಗಿದಳು. ಒಂದೊಂದು ಕೂದಲೂ ಮುಳ್ಳಿನಂತೆ ಚುಚ್ಚಿತು. ಬೆರಳಿಂದ ರಕ್ತ ಸುರಿಯಿತು. ಅವಳು ನಿಲ್ಲಿಸಲಿಲ್ಲ. ಹೊತ್ತು ಮುಳುಗುವಾಗ ಟಗರಿನ ಕಣ್ಣು ತೆರೆಯಿತು.

"ಅಯ್ಯೋ, ಆಕಾಶ ಇಷ್ಟು ದೊಡ್ಡದೇ? ನನ್ನ ಒಡೆಯ ಒಂದು ದಿನವೂ ನನ್ನನ್ನು ಬಾಚಲಿಲ್ಲವಲ್ಲ!" ಎಂದಿತು.

"ಕಣ್ಣ ಕಂಡ್ರ ಯಾರಿಗೆ ಗುದ್ದಬೇಕು ಅಂತ ನೀನ ವಿಚಾರ ಮಾಡ್ತಿ. ಅದಕ್ಕ ಬಾಚಲಿಲ್ಲ," ಎಂದಳು ಬಾಳವ್ವ. ಟಗರು ಬಹಳ ಹೊತ್ತು ಯೋಚಿಸಿ ದಾರಿ ಬಿಟ್ಟಿತು.

ಎರಡನೆಯ ದಿನ, ಎರಡನೆಯ ಬಾಗಿಲು. ಅಲ್ಲಿ ಚಕ್ಕಡಿ ಗಾಡಿಯಷ್ಟು ದೊಡ್ಡ ಜೇಡ ಬಾಗಿಲ ತುಂಬ ಬಲೆ ನೇಯ್ದು ಕೂತಿತ್ತು.

"ಹೆಣ್ಣೇ, ನಿನ್ನ ನೇಯ್ಗೆ ಮೇಲೋ, ನನ್ನ ನೇಯ್ಗೆ ಮೇಲೋ? ನಿನ್ನದೆಂದರೆ ಸೊಕ್ಕಿನವಳೆಂದು ತಿನ್ನುತ್ತೇನೆ. ನನ್ನದೆಂದರೆ ಮುಖಸ್ತುತಿಯವಳೆಂದು ತಿನ್ನುತ್ತೇನೆ," ಎಂದಿತು.

"ಹೆಂಗಾದರೂ ತಿನ್ನಾಕಿ ಅಂದಮ್ಯಾಲ ಹೆದರಿ ಏನು ಮಾಡ್ಲಿ?" ಎಂದು ಬಾಳವ್ವ ಸೊಂಟದ ಮೇಲೆ ಕೈಯಿಟ್ಟಳು. "ನೀ ನೇಯೋದು ಹೊಟ್ಟಿಗೆ. ನಾ ನೇಯೋದು ಖುಷಿಗೆ. ಬೆಲ್ಲ ತೂಗೋ ತಕ್ಕಡ್ಯಾಗ ನಗಿ ತೂಗಾಕ ಬರತೈತೇನು? ಹೇಳವ್ವ, ನೀ ಒಂದು ದಿನನಾರ ಸುಮ್ಮನ, ಯಾವ ನೊಣಕ್ಕೂ ಅಲ್ಲ, ಯಾವ ಒಡೆಯಗೂ ಅಲ್ಲ, ನಿನ್ನ ಮನಸ್ಸಿಗೆ ಅಂತ ನೇಯ್ದಿಯೇನು?"

ಜೇಡದ ಎಂಟೂ ಕಾಲು ನಿಂತವು. "ಹಾಗೂ ನೇಯಬಹುದೇ?" ಎಂದು ಕೇಳಿತು.

"ನೇಯ್ದು ನೋಡು. ಯಾರಪ್ಪಂದೇನು ಗಂಟು ಹೋಗತೈತಿ?"

ಜೇಡ ಮೂಲೆಗೆ ಸರಿದು ಒಂದು ಹೂವು ನೇಯ್ದಿತು. ಓರೆಯಾಯಿತು. ಬಿಚ್ಚಿ ಇನ್ನೊಂದು ನೇಯ್ದಿತು, ಅದರ ಪಕ್ಕ ಒಂದು ಎಲೆ, ಎಲೆಯ ಪಕ್ಕ ಒಂದು ಮೊಲ. ತಿನ್ನುವುದನ್ನೂ ಕಾಯುವುದನ್ನೂ ಮರೆತೇಬಿಟ್ಟಿತು. ಬಾಳವ್ವ ಬಲೆಯ ಕೆಳಗೆ ನುಸುಳಿ ಮುಂದೆ ಹೋದಳು.

ಮೂರನೆಯ ದಿನ, ಮೂರನೆಯ ಬಾಗಿಲು ತೆರೆದೇ ಇತ್ತು. ಒಳಗೆ ಮಾಯಾಮಗ್ಗ ತಾನೇ ತಾನಾಗಿ ಲಟಲಟ ನೇಯುತ್ತಿತ್ತು. ಅದರ ಮುಂದೆ ಮಣೆಯ ಮೇಲೆ ಧೂಮಕರ್ಣ ಒಂದು ಕಾಲು ಮಡಚಿ ಕೂತಿದ್ದ.

"ಬಾ ಬಾಳವ್ವ. ನಿನಗೆಂದೇ ಒಂದು ಸೀರೆ ತೆಗೆದಿಟ್ಟಿದ್ದೇನೆ."

"ಒಲ್ಲೆ."

"ಯಾಕೆ? ನಿನ್ನ ತಂಗಿಯನ್ನು ನೋಡು, ಎಷ್ಟು ಶಾಂತಳಾಗಿದ್ದಾಳೆ. ಸಿಟ್ಟಿಲ್ಲ, ಜಗಳವಿಲ್ಲ."

"ಹೆಣಕ್ಕೂ ಸಿಟ್ಟಿರಂಗಿಲ್ಲ. ನನಗ ಆಕಿ ಜಗಳನ ಬೇಕು."

ಧೂಮಕರ್ಣನ ಕಿವಿಯ ಹೊಗೆ ದಟ್ಟವಾಯಿತು. "ಹಾಗಾದರೆ ಪಂಥ. ಈ ನೂಲಿಗೆ ಒಂದೇ ತುದಿ. ಹೊತ್ತು ಮುಳುಗುವುದರೊಳಗೆ ಹುಡುಕಿದರೆ ಅದು ನಿನ್ನದು. ಇಲ್ಲವಾದರೆ ನೀನು ಈ ಸೀರೆ ಉಡಬೇಕು. ಇವತ್ತು ನಲವತ್ತನೆಯ ದಿನ, ನೆನಪಿರಲಿ."

ಬಾಳವ್ವ ಹುಡುಕಿದಳು. ಮಗ್ಗದ ಮೇಲೆ ಹುಡುಕಿದಳು, ಕೆಳಗೆ ಹುಡುಕಿದಳು. ಸಾವಿರ ಎಳೆ, ಒಂದಕ್ಕೂ ತುದಿಯಿಲ್ಲ. ಬಿಸಿಲು ಕೆಂಪಾಯಿತು. ಸೋತೆನೇನೋ ಎಂದು ಧೂಮಕರ್ಣನ ಕಡೆ ತಿರುಗಿದಳು. ಅವನ ತುಟಿ ಒಣಗಿತ್ತು. ನೀರಿನ ತಂಬಿಗೆ ಕೈಗೆ ಒಂದು ಗೇಣು ದೂರದಲ್ಲಿತ್ತು. ನಾಲ್ಕು ಸಲ ಕೈ ಚಾಚಿದ, ಎಟುಕಲಿಲ್ಲ. ಆದರೂ ಏಳಲಿಲ್ಲ.

ಮನೆಯಲ್ಲಿ ಕೂತು ನೂಲು ಹುರಿ ಮಾಡಿದವರನ್ನು ಕೇಳಿ, ಹೇಳುತ್ತಾರೆ. ಎಳೆಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಕೂತರೆ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವಂತಿಲ್ಲ. ಬಾಳವ್ವನ ಎಷ್ಟು ಹಾಲು ಹಾಗೆ ಉಕ್ಕಿ ಹೋಗಿತ್ತೋ! ಅವಳು ಗಹಗಹಿಸಿ ನಕ್ಕು, ಮಾಂತ್ರಿಕನ ಮಂಡಿ ಹಿಡಿದು ಎತ್ತಿಯೇಬಿಟ್ಟಳು. ಹೆಬ್ಬೆರಳಲ್ಲಿ ನೂಲಿನ ತುದಿ ಇತ್ತು.

"ತಗೋ, ತಗೋ," ಎಂದು ಧೂಮಕರ್ಣನೂ ನಕ್ಕ. "ಸುಟ್ಟರೆ ಸುಡುವುದಿಲ್ಲ, ಕತ್ತರಿಸಿದರೆ ತುಂಡಾಗುವುದಿಲ್ಲ. ಏನು ಮಾಡುತ್ತೀ?"

"ನೂಲ್ತೀನಿ."

"ನೂಲು! ತಿರುವು ಹೆಚ್ಚಿದಷ್ಟೂ ಬಟ್ಟೆ ಬಿಗಿಯುತ್ತದೆ. ನಿನ್ನ ತಂಗಿಯ ಮೈಗೆ ಬೇಗ ಅಂಟುತ್ತದೆ."

ಬಾಳವ್ವ ತುದಿಯನ್ನು ಕದಿರಿಗೆ ಸಿಕ್ಕಿಸಿದಳು. ತೊಡೆಯ ಮೇಲೆ ಕದಿರಿಟ್ಟು ತಿರುಗಿಸಿದಳು, ಎಡಗೈಯಿಂದ. ಮಾಯಾಮಗ್ಗದ ನೂಲಿಗೂ ಊರಿನ ನೂಲಿನ ಬಲಗೈ ತಿರುವೇ ಇತ್ತು. ನೂಲಿದ ದಿಕ್ಕಿಗೇ ತಿರುಗಿಸಿದರೆ ಎಳೆ ಬಿಗಿ, ಎದುರು ದಿಕ್ಕಿಗೆ ತಿರುಗಿಸಿದರೆ ಎಳೆ ಬಿಚ್ಚಿ ಮತ್ತೆ ಹತ್ತಿ. ಇದು ಹಂಜಿಗಿರಿಯ ಕೂಸಿಗೂ ಗೊತ್ತು. ಒಂದು ದಿನವೂ ನೂಲದ ಮಾಂತ್ರಿಕನಿಗೆ ಹೇಗೆ ಗೊತ್ತಿರಬೇಕು? ಎಳೆಯ ತಿರುವು ಬಿಚ್ಚುತ್ತ ಬಿಚ್ಚುತ್ತ ಬಾಗಿಲು ದಾಟಿತು, ಗುಡ್ಡ ಇಳಿಯಿತು, ಊರು ಹೊಕ್ಕಿತು. ಮಾಯಾಮಗ್ಗ ಒಮ್ಮೆ ಕೆಮ್ಮಿ ನಿಂತಿತು.

ಧೂಮಕರ್ಣ ಬಾಯಿ ತೆರೆದ, ಮಂತ್ರ ಬರಲಿಲ್ಲ. ಆ ನೂಲಿನ ಮೂಲಕ ಜನರಿಂದ ಅವನು ಎಳೆದು ನುಂಗಿದ್ದ ಒಲ್ಲೆಗಳೆಲ್ಲ ಒಂದರ ಹಿಂದೊಂದು ಹೊರಗೆ ಹಾರಿದವು. ಒಲ್ಲೆ! ಒಲ್ಲೆ! ಒಲ್ಲೆ! ಗುಡ್ಡವೆಲ್ಲ ಅದೇ ಕೂಗು. ಕೊನೆಯದು ಹಾರಿದಾಗ ಅವನು ಖಾಲಿ ಚೀಲದಂತೆ ಜೋತುಬಿದ್ದ. ಎದ್ದು ಓಡಲು ಹೋದರೆ ಬಾಗಿಲಲ್ಲಿ ಟಗರು ನಿಂತಿತ್ತು, ಕಣ್ಣು ಅಗಲ ತೆರೆದುಕೊಂಡು. ಅದು ಗುದ್ದಿದ ಗುದ್ದಿಗೆ ಏಳು ಬೆಟ್ಟದಾಚೆ ಹೋಗಿ ಬಿದ್ದವನು ಮತ್ತೆ ಈ ಕಡೆ ಮುಖ ಹಾಕಲಿಲ್ಲ.

ಇತ್ತ ಊರಿನ ಫಜೀತಿ ಕೇಳಿ! ಉಟ್ಟ ಬಟ್ಟೆಯೆಲ್ಲ ಒಮ್ಮೆಲೇ ಹತ್ತಿಯಾಗಿ ಗಾಳಿಗೆ ಹಾರಿತು. ಹೆಂಗಸರು ಕಿರುಚಿ ಒಳಗೋಡಿದರು, ಗಂಡಸರು ಅವರಿಗಿಂತ ಜೋರಾಗಿ ಕಿರುಚಿ ಒಳಗೋಡಿದರು. ರಾಜ ಬಿರುದಾಂಕ ದರ್ಬಾರಿನ ಜಮಖಾನ ಸುತ್ತಿಕೊಂಡು ಸಿಂಹಾಸನದ ಹಿಂದೆ ಕುಕ್ಕರುಗಾಲಲ್ಲಿ ಕೂತ.

ಬಾಳವ್ವ ಏದುಸಿರು ಬಿಡುತ್ತ ಮನೆಗೆ ಬಂದಳು. ನಿಂಬೆವ್ವ ಹಳೆಯ ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿದ್ದಳು. "ನಿಂಬೀ, ಉಣ್ತಿ?" ಅಂದರೆ ಹೂಂ ಎಂಬಂತೆ ತಲೆಯಾಡಿಸಿದಳು. "ಮಲಗ್ತಿ?" ಅಂದರೂ ತಲೆಯಾಡಿಸಿದಳು. ಊರವರ ಒಲ್ಲೆಗಳೆಲ್ಲ ಅವರವರ ಮನೆ ಸೇರಿದ್ದವು, ಬೀದಿಯಲ್ಲಿ ಜಗಳದ ಸಂಭ್ರಮ. ನಿಂಬೆವ್ವ ಮಾತ್ರ ಬಾಯಿ ಬಿಡಲಿಲ್ಲ. ಕಸಿದುಕೊಂಡದ್ದು ತಿರುಗಿ ಬರುತ್ತದೆ, ಇವಳು ಅಕ್ಕನಿಗಾಗಿ ತಾನೇ ಕೊಟ್ಟಿದ್ದಳು, ಅದು ಬರುವುದಿಲ್ಲವೇನೋ ಎಂದು ಬಾಳವ್ವ ತಲೆಬಾಗಿಲಲ್ಲಿ ಕೂತು ಅತ್ತಳು.

ಮರುದಿನ ರಾಜನೇ ಪಲ್ಲಕ್ಕಿಯಲ್ಲಿ ಬಂದ. ಊರೆಲ್ಲ ಹಿಂದೆ ಬಂತು.

"ಬಾಳವ್ವ, ಆಜ್ಞೆ ಹರಿದು ಹಾಕಿದ್ದೇನೆ. ಇನ್ನು ನೀನೇ ಅರಮನೆಯ ನೇಕಾರತಿ. ಗಂಧದ ಮರದ ಮಗ್ಗ, ಸಾವಿರ ಜನ ಆಳು. ನೀವಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ನಾನು ಹೇಳಿದ್ದನ್ನು ನೇಯುತ್ತ ಸುಖವಾಗಿರಿ," ಎಂದ.

ಗಂಧದ ಮರದ ಮಗ್ಗ! ಸುಳ್ಳೇಕೆ ಹೇಳಲಿ, ಬಾಳವ್ವನಿಗೂ ಆಸೆಯಾಯಿತು. ಅವಳ ಕತ್ತು ಹೂಂ ಅನ್ನಲು ಅರ್ಧ ಬಾಗಿಯೂ ಬಾಗಿತ್ತು.

"ಒಲ್ಲೆವು."

ಎಲ್ಲರೂ ತಿರುಗಿ ನೋಡಿದರು. ಕಂಬಳಿ ಹೊದ್ದ ನಿಂಬೆವ್ವ ಹೊಸಿಲ ಮೇಲೆ ನಿಂತಿದ್ದಳು. ಅಕ್ಕನಿಗಾಗಿ ಕೊಟ್ಟದ್ದು ಅಕ್ಕನಿಗಾಗಿಯೇ ತಿರುಗಿ ಬಂದಿತ್ತು.

"ಏನಂದೆ? ನಾನು ರಾಜ!" ಎಂದ ಬಿರುದಾಂಕ.

"ರಾಜ ಇರ್ರಿ, ಬ್ಯಾಡ ಅಂದವರು ಯಾರು? ದಿನಾ ನಿಮ್ಮ ಅಪ್ಪಣೆ ಮ್ಯಾಲ ನೇಯೋದಂದ್ರ ಅದೂ ಅಂಥಾದ್ದ ಒಂದು ಸೀರಿ. ನಾವು ಮಂಡಕ್ಕಿ ಮಾರಿ ಉಣ್ತೀವಿ, ಮನಸ್ಸು ಬಂದಾಗ ನೇಯ್ತೀವಿ. ಒಲ್ಲೆ ಅಂದ್ರ ಒಲ್ಲೆ! ಅಕ್ಕಾ, ನೀ ಯಾಕ ಕತ್ತು ಬಗ್ಗಿಸಿದಿ? ನಾಚಿಕಿ ಆಗಲಿಲ್ಲೇನು ನಿನಗ?"

ಬಾಳವ್ವನಿಗೆ ಮಗ್ಗವೂ ಬೇಡವಾಯಿತು, ರಾಜನೂ ಬೇಡವಾದ. ಓಡಿಹೋಗಿ ತಂಗಿಯನ್ನು ಬಾಚಿ ತಬ್ಬಿಕೊಂಡಳು. "ಇನ್ನೊಮ್ಮೆ ಬೈಯವ್ವ, ಇನ್ನೊಮ್ಮೆ ಬೈ," ಎಂದು ಅಳುತ್ತ ನಗುತ್ತ ಕೇಳಿದಳು. ನಿಂಬೆವ್ವ ಹೊಟ್ಟೆ ತುಂಬ ಬೈದಳು.

ಊರು ಹೋ ಎಂದು ಕೂಗಿತು. ರಾಜ ಪೆಚ್ಚಾಗಿ ಪಲ್ಲಕ್ಕಿ ತಿರುಗಿಸಿದ. ಆಮೇಲೆ ಹಂಜಿಗಿರಿಯಲ್ಲಿ ಯಾರ ಕೈಯನ್ನೂ ಯಾರೂ ತಡೆಯಲಿಲ್ಲ. ನೂಲುವವರು ನೂಲಿದರು, ಹೆಣೆಯುವವರು ಹೆಣೆದರು, ಬೇಡವೆಂದವರು ಕಾಲು ಚಾಚಿ ಹರಟೆ ಹೊಡೆದರು. ಎಲ್ಲರೂ ಸುಖವಾಗಿದ್ದರು, ಒಲ್ಲದ್ದನ್ನು ಒಲ್ಲೆ ಎನ್ನುತ್ತ.