ಟೀವಿಯಲ್ಲಿ ಬಾರದ ಹೆಸರು

"ನಿಮ್ಮಂಥ ಮೋಸಗಾರನನ್ನ ನಾನು ನೋಡೇ ಇಲ್ಲ!"

ಬೆಂಗಳೂರು ಯಡಿಯೂರಿನ ಮನೆಯ ಗೇಟಿನಲ್ಲೇ ವಿಜಯಲಕ್ಷ್ಮಿ ಸಿದ್ದಾರೂಢನನ್ನು ತಡೆದಳು. ತಿಂಗಳ ಹಿಂದೆ ಇದೇ ಗೇಟಿನಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದವನನ್ನು ಕಂಡು ಅವಳು ಮನಸೋತಿದ್ದಳು. ಈಗ ಅದೇ ಮುಖ ಕಂಡರೆ ಮೈ ಉರಿಯುತ್ತಿತ್ತು.

ಅವಳ ಅಪ್ಪ ವೆಂಕಟಾಚಲ ಎಪ್ಪತ್ತೊಂದರ ಯುದ್ಧದಲ್ಲಿ ಹೋರಾಡಿದವರು. ಪ್ರತಿ ವಾರ ಪತ್ರಿಕೆಯ ಟೀವಿ ಪುಟ ಹರಡಿಕೊಂಡು, ಯುದ್ಧದ ಕಾರ್ಯಕ್ರಮಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುವರು. ನೋಡಲು ಕೂತರೆ ಹತ್ತೇ ನಿಮಿಷ.

"ಬರೀ ಬಾಂಬು, ಹಾಡು! ಸತ್ತವನ ಹೆಸರಾದ್ರೂ ಹೇಳ್ಬಾರ್ದಾ?" ಎಂದು ಟೀವಿ ಆರಿಸಿಬಿಡುವರು.

ಕಾರ್ಗಿಲ್ ಮುಗಿದ ಮೇಲೆ, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಗದಗಿನ ಈ ಹುಡುಗ ಚಾನೆಲ್ಲಿನಿಂದ ಬಂದು ಅಪ್ಪನ ಮಾತು ಚಿತ್ರೀಕರಿಸಿದ್ದ. ಎಪ್ಪತ್ತೊಂದರಲ್ಲಿ ತಮ್ಮ ಪಕ್ಕದಲ್ಲೇ ಪ್ರಾಣ ಬಿಟ್ಟ ಜೊತೆಗಾರ ಹನಮಂತನ ಬಗ್ಗೆ ಅಪ್ಪ ಮೊದಲ ಸಲ ಬಾಯಿ ಬಿಟ್ಟಿದ್ದರು. ಹನಮಂತನ ಹೆಂಡತಿ ದಾನಮ್ಮನಿಗೆ ಫೋನ್ ಮಾಡಿ, "ಭಾನುವಾರ ಟೀವಿ ನೋಡಮ್ಮ, ನಿನ್ನ ಗಂಡನ ಹೆಸರು ಬರತ್ತೆ" ಎಂದಿದ್ದರು.

ನಿನ್ನೆ ಅಪ್ಪನ ಮುಖ ಬಂತು, ಪದಕ ಬಂತು. ಹನಮಂತ ಬರಲೇ ಇಲ್ಲ!

"ಅಪ್ಪ ನಿನ್ನೆಯಿಂದ ಊಟ ಮುಟ್ಟಿಲ್ಲ ಕಣ್ರೀ. ದಾನಮ್ಮಂಗೆ ಹೇಗೆ ಮುಖ ತೋರಿಸ್ಲಿ ಅಂತಾರೆ. ನಂಬಿಸಿ ಕತ್ತು ಕೊಯ್ದ್ರಲ್ಲ..."

ಸಿದ್ದಾರೂಢ ತಲೆ ತಗ್ಗಿಸಿದ. "ಅವತ್ತ ನಾ ಹೊರಡೂ ಮುಂದ ನೀವು ಏನ್ ಕೇಳಿದ್ರಿ, ನೆನಪೈತೇನ್ರಿ?"

ನೆನಪಾಯಿತು. 'ಅಪ್ಪ ಅಳೋದನ್ನ ಮಾತ್ರ ತೋರಿಸ್ಬೇಡಿ, ಪ್ಲೀಸ್... ಮಾತು ಕೊಡಿ.'

"ಹನಮಂತನ ಹೆಸರು ಬಂದಾಗೆಲ್ಲಾ ಅವರು ಅತ್ತಾರ್ರಿ. ಅಳು ತೆಗದ್ರ ಹೆಸರೂ ಹೋತು. ನಿಮ್ಮನ್ನ ಒಂದ್ ಸಲ ಕೇಳಬೇಕಿತ್ತು... ಅದು ನನ್ನ ತಪ್ಪು."

ಅವಳಿಗೆ ಈಗ ಹೊಳೆಯಿತು. ಅಪ್ಪನ ಮರ್ಯಾದೆ ಕಾಯಲು ಹೋಗಿ ಅಪ್ಪನಿಗೆ ದ್ರೋಹ ಮಾಡಿದವಳು ನಾನೇ...!

ಅವನು ಚೀಲದಿಂದ ವಿಡಿಯೋ ಕ್ಯಾಸೆಟ್ ತೆಗೆದ. "ಇದ್ರಾಗ ಎಲ್ಲಾ ಐತ್ರಿ. ನಾಳೆ ದಾನಮ್ಮನವರ ಊರಿಗೆ ಒಯ್ತೀನಿ."

ವಿಜಯಲಕ್ಷ್ಮಿ ಅವನನ್ನು ಒಳಗೆ ಕರೆದೊಯ್ದಳು. "ಅಪ್ಪಾ, ಹನಮಂತಣ್ಣನ ಹೆಸರು ತೆಗೆಸಿದ್ದು ಇವರಲ್ಲ, ನಾನು."

ಅಪ್ಪ ಕ್ಯಾಸೆಟ್ ಹಾಕಿಸಿದರು. ಅಳುತ್ತಲೇ ಕೊನೆಯವರೆಗೂ ನೋಡಿದರು, ಒಮ್ಮೆಯೂ ಆರಿಸಲಿಲ್ಲ. ಆಮೇಲೆ ಕ್ಯಾಸೆಟ್ಟಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ 'ಹನಮಂತ' ಎಂದು ಬರೆದು ಗೆರೆ ಎಳೆದರು.

"ದಾನಮ್ಮನ ಊರಿಗೆ ಮೂರು ಟಿಕೆಟ್ ಮಾಡ್ಸಪ್ಪ," ಎಂದರು ಸಿದ್ದಾರೂಢನಿಗೆ.

ಬೀಳ್ಕೊಡಲು ಗೇಟಿನವರೆಗೆ ಬಂದವಳ ಕಣ್ಣು ತುಂಬಿತ್ತು.

"ಇನ್ಮೇಲೆ ನಾನು ಏನಾದ್ರೂ ಬೇಡ ಅಂದ್ರೆ, ಯಾಕೆ ಅಂತ ಕೇಳ್ತೀರಾ?"

"ಕೇಳ್ತೀನ್ರಿ. ದಿನಾ ಕೇಳಾಕ... ಜೋಡಿ ಇರ್ತೀರೇನ್ರಿ?"

"ಇರ್ತೀನಿ."